ಪ್ರಮಾಣಪತ್ರ ಬರುವ ತನಕ ಆ ಮಗು ಏನು ಮಾಡಬೇಕು?

ರಾಜ್ಯದ ಪ್ರಾಥಮಿಕ ಶಿಕ್ಷಣದ ನೀತಿ, ಪಠ್ಯ ಮತ್ತು ಶಿಕ್ಷಕರ ತರಬೇತಿಯ ಹೊಣೆ ಹೊತ್ತಿರುವ ಮಾನ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಇಪ್ಪತ್ತೊಂದು ವರ್ಷಗಳಿಂದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಹೆಚ್ಚಿನ ಕಾಲ ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ, ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದು ಬರಹ ಕಲಿಸುತ್ತಾ ಬಂದಿರುವ ಶಿಕ್ಷಕಿ. ಈ ಪತ್ರದಲ್ಲಿ ಸ್ವಲ್ಪ ದೂರು ಇದೆ, ಸ್ವಲ್ಪ ತಪ್ಪೊಪ್ಪಿಗೆ ಇದೆ, ಉಳಿದದ್ದು ಬೇಡಿಕೆ. ಇಲ್ಲಿ ಹೇಳುತ್ತಿರುವುದನ್ನು ನಾನು ಸಮಾಲೋಚನಾ ಸಭೆಗಳಲ್ಲಿ ಹೇಳಿದ್ದೇನೆ, ತರಬೇತಿಯ ಕೊನೆಯ ದಿನ ಕೊಡುವ ಹಿಮ್ಮಾಹಿತಿ ಹಾಳೆಯಲ್ಲಿ ಬರೆದಿದ್ದೇನೆ, ನಮೂನೆಗಳ ಕಟ್ಟಕಡೆಯಲ್ಲಿರುವ 'ಷರಾ' ಎಂಬ ಕಿರಿದಾದ ಅಂಕಣದಲ್ಲಿ ಸಣ್ಣ ಅಕ್ಷರಗಳಲ್ಲಿ ತುರುಕಿಯೂ ಇದ್ದೇನೆ. ಎಲ್ಲಿಂದಲೂ ಉತ್ತರ ಬಾರದ ಕಾರಣ ಈಗ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ.

ವಿಷಯ ಇದು. ನಮ್ಮ ಶಾಲೆಗಳಲ್ಲಿ ಕಣ್ಣು, ಕಿವಿ, ಬುದ್ಧಿ ಎಲ್ಲವೂ ಸರಿಯಿದ್ದು, ದಿನವೂ ಶಾಲೆಗೆ ಬಂದು, ಪಾಠ ಕೇಳಿಯೂ ಅಕ್ಷರಗಳನ್ನು ಕೂಡಿಸಿ ಪದವಾಗಿ ಓದಲಾಗದ ಮಕ್ಕಳಿದ್ದಾರೆ. ಡಿಸ್ಲೆಕ್ಸಿಯಾ ಎಂದು ಕರೆಯುವ ಈ ತೊಡಕು ಎಷ್ಟು ಮಕ್ಕಳಿಗಿದೆ ಎಂಬ ಅಂದಾಜು ವ್ಯಾಖ್ಯಾನಕ್ಕೆ ತಕ್ಕಂತೆ ಬದಲಾಗುತ್ತದಾದರೂ, ಸಾಮಾನ್ಯವಾಗಿ ಹೇಳುವುದು ನೂರಕ್ಕೆ 5ರಿಂದ 10 ಮಕ್ಕಳು ಎಂದು. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಆದರು. ನನ್ನ ಇಪ್ಪತ್ತೊಂದು ವರ್ಷಗಳ ಲೆಕ್ಕ ಹಾಕಿದರೆ ಅಂಥ ಹಲವಾರು ಮಕ್ಕಳು ನನ್ನ ಕೈಕೆಳಗೆ ಕಲಿತು, ಅಥವಾ ಕಲಿಯದೆ, ಹೋಗಿರಬೇಕು. ಅವರಲ್ಲಿ ನಾನು ಗುರುತಿಸಿದ್ದು ನಾಲ್ವರನ್ನು. ಮೊದಲ ಹನ್ನೆರಡು ವರ್ಷ ಒಬ್ಬರನ್ನೂ ಗುರುತಿಸಲಿಲ್ಲ.

ಗುರುತಿಸಿದ ಮೊದಲ ಹುಡುಗನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅವನು ಎರಡು ವರ್ಷ ನನ್ನ ಕಣ್ಣೆದುರೇ ಅಡಗಿ ಕುಳಿತಿದ್ದ ಬಗೆ ಯಾವ ತರಬೇತಿ ಕೈಪಿಡಿಯಲ್ಲೂ ನನಗೆ ಕಂಡಿಲ್ಲ. ಆಗ ಅವನು ಮೂರನೇ ತರಗತಿ. ಕನ್ನಡ ಪಾಠವನ್ನು ಎದ್ದು ನಿಂತು ನಿರರ್ಗಳವಾಗಿ ಓದುತ್ತಿದ್ದ, ಬೆರಳೂ ಸಾಲಿನ ಮೇಲೆ ಸರಿಯುತ್ತಿತ್ತು. ಒಂದು ದಿನ ಪಕ್ಕದಲ್ಲಿ ನಿಂತಿದ್ದಾಗ ಅವನ ಬೆರಳು ಅವನ ಬಾಯಿಗಿಂತ ಎರಡು ಪದ ಮುಂದೆ ಇರುವುದು ಕಂಡಿತು. ಚಿತ್ರವನ್ನು ಅಂಗೈಯಿಂದ ಮುಚ್ಚಿ, ಪುಟದ ನಡುವಿನ ಒಂದು ಸಾಲು ತೋರಿಸಿ, "ಇದನ್ನಷ್ಟೇ ಓದು" ಎಂದೆ. ಅವನು ಪುಸ್ತಕ ನೋಡುವುದನ್ನು ಬಿಟ್ಟು, ಪಾಠದ ಮೊದಲ ಸಾಲಿನಿಂದ ತುಟಿಯಲ್ಲೇ ಗುನುಗಿಕೊಂಡು, ನಾನು ತೋರಿಸಿದ ಸಾಲಿನ ತನಕ ಬರಲು ನೋಡಿದ. ಇಡೀ ಪಾಠ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಒಂದು ಸಾಲನ್ನೂ ಅವನು ಓದಿರಲಿಲ್ಲ.

ಆ ಮಧ್ಯಾಹ್ನ ಅವನೊಬ್ಬನಿಗೇ ಉಕ್ತಲೇಖನ ಕೊಟ್ಟೆ. 'ಮನೆ' ಎಂದರೆ 'ವನೆ' ಎಂದು ಬರೆದ. 'ಅಮ್ಮ' ಎನ್ನುವುದು 'ಅಮ', 'ಭತ್ತ' ಎನ್ನುವುದು 'ಬತ', 'ಸೂರ್ಯ' ಎನ್ನುವುದು 'ಸುಯ' ಆಗಿತ್ತು. ಅವನ ಕಾಪಿ ಪುಸ್ತಕ ತೆಗೆದು ನೋಡಿದರೆ ಇದೇ ಪದಗಳು ದುಂಡಗೆ, ಒತ್ತು ದೀರ್ಘ ಒಂದೂ ತಪ್ಪದೆ, ಸಾಲುಸಾಲಾಗಿ ಕೂತಿದ್ದವು. ನೋಡಿ ಬರೆಯುವುದಕ್ಕೆ ಓದು ಬೇಕಿಲ್ಲ, ಕಣ್ಣು ಮತ್ತು ಕೈ ಸಾಕು ಎಂಬ ಸರಳ ಸಂಗತಿ ಹನ್ನೆರಡು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ. ಆ ಕಾಪಿ ಪುಸ್ತಕದ ಪ್ರತಿ ಪುಟಕ್ಕೂ ನಾನೇ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದು ಸಹಿ ಹಾಕಿದ್ದೆ.

ಅದಕ್ಕೂ ಮುಂಚೆ ನಾನು ಮಾಡಿದ್ದನ್ನೂ ಹೇಳಬೇಕು. ಉಕ್ತಲೇಖನದಲ್ಲಿ ಸೊನ್ನೆ ಬಂದಾಗಲೆಲ್ಲ ಒಂದೊಂದು ಪದವನ್ನೂ ಇಪ್ಪತ್ತು ಸಲ ಬರೆಸಿದೆ, ಅವನು ಇಪ್ಪತ್ತು ಸಲವೂ ಅಂದವಾಗಿ ನಕಲು ಮಾಡಿ ತಂದ. ತಾಯಿಯನ್ನು ಕರೆಸಿ, "ಮನೆಯಲ್ಲಿ ಕೂರಿಸಿ ಓದಿಸಿ" ಎಂದೆ. ಆಕೆಗೆ ಓದು ಬಾರದು. ಹೀಗಾಗಿ ಆಕೆ ತನ್ನ ಕೈಲಾದದ್ದನ್ನು ಮಾಡಿದರು, ಸಂಜೆ ಆಟಕ್ಕೆ ಬಿಡುವುದನ್ನು ನಿಲ್ಲಿಸಿದರು. ನನ್ನ ಅಜ್ಞಾನದ ದಂಡವನ್ನು ಆ ಹುಡುಗ ಒಂದು ವರ್ಷ ತೆತ್ತ.

ಮಾನ್ಯರೇ, ಈ ತೊಡಕು ನಿನ್ನೆ ಮೊನ್ನೆ ಕಂಡುಹಿಡಿದದ್ದೇನೂ ಅಲ್ಲ. ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1880ರ ದಶಕದಲ್ಲಿ ಡಿಸ್ಲೆಕ್ಸಿಯಾ ಎಂಬ ಪದವನ್ನು ಬಳಕೆಗೆ ತಂದರು. 1896ರಲ್ಲಿ ಬ್ರಿಟಿಷ್ ವೈದ್ಯ ಪ್ರಿಂಗಲ್ ಮಾರ್ಗನ್, ಹದಿನಾಲ್ಕು ವರ್ಷದ ಒಬ್ಬ ಜಾಣ ಹುಡುಗನಿಗೆ ಓದು ಹತ್ತದಿರುವುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದರು. ಆ ಹುಡುಗ ಪರ್ಸಿ ಎಂಬ ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದಿದ್ದನಂತೆ. ರಕಾರ ಜಾಗ ತಪ್ಪಿದ ಆ ಒಂದು ಪದವನ್ನು ಓದಿದಾಗ ನನಗೆ ನಮ್ಮ ಮಕ್ಕಳ ಅರ್ಕಾವತ್ತಿನ ಪಾಡು ನೆನಪಾಯಿತು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಚುರುಕಿನ ಹುಡುಗನಾಗುತ್ತಿದ್ದ ಎಂಬ ಮಾತೂ ಆ ವರದಿಯಲ್ಲಿದೆ. ಅದನ್ನು ಹೇಳಿದವರು ವೈದ್ಯರಲ್ಲ, ಅವನಿಗೆ ಹಲವು ವರ್ಷ ಪಾಠ ಹೇಳಿದ್ದ ಮೇಷ್ಟ್ರು. ಗುರುತಿಸುವುದು ತರಗತಿಯಲ್ಲೇ ಸಾಧ್ಯ ಎಂಬುದಕ್ಕೆ ಇಷ್ಟು ಹಳೆಯ ಸಾಕ್ಷ್ಯವಿದ್ದರೂ, ನಮ್ಮ ವ್ಯವಸ್ಥೆ ಮಾತ್ರ ಇವತ್ತಿಗೂ ಮಗುವನ್ನು ಶಾಲೆಯಿಂದ ಹೊರಗೆ, ಆಸ್ಪತ್ರೆಯ ಬಾಗಿಲಿಗೆ ಕಳಿಸಿ, ನ್ಯೂನತೆಯ ಪ್ರಮಾಣಪತ್ರ ತಂದ ಮೇಲೆಯೇ ನಂಬಲು ಶುರು ಮಾಡುತ್ತದೆ.

ಕಾನೂನು ಹಾಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಗುರುತಿಸಿರುವ 21 ಬಗೆಯ ನ್ಯೂನತೆಗಳಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯೂ ಒಂದು. ಅದೇ ಅಧಿನಿಯಮದ 16ನೇ ಪ್ರಕರಣವು, ಇಂಥ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ ಅದನ್ನು ದಾಟಲು ತಕ್ಕ ಬೋಧನಾ ಕ್ರಮ ಕೈಗೊಳ್ಳುವುದನ್ನು ಶಿಕ್ಷಣ ಸಂಸ್ಥೆಗಳ ಕರ್ತವ್ಯವೆಂದು ಹೇಳುತ್ತದೆ. ದಯವಿಟ್ಟು ಆ ಕ್ರಮವನ್ನು ಗಮನಿಸಿ: ಪತ್ತೆ, ಆಮೇಲೆ ಬೋಧನೆ. ನಡುವೆ ಪ್ರಮಾಣಪತ್ರ ಎಂಬ ಪದ ಆ ವಾಕ್ಯದಲ್ಲಿಲ್ಲ. 17ನೇ ಪ್ರಕರಣವು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ, ಅವರ ಅಗತ್ಯಗಳೇನು, ಅವು ಎಷ್ಟರ ಮಟ್ಟಿಗೆ ಈಡೇರುತ್ತಿವೆ ಎಂದು ತಿಳಿಯಬೇಕೆನ್ನುತ್ತದೆ. ಇದರ ನಂತರ 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯು ಮೂರನೇ ತರಗತಿ ಅಥವಾ ಎಂಟು ವರ್ಷದ ಸುಮಾರಿಗೆ ಶಿಕ್ಷಕರು ತಪಾಸಣೆ ಮಾಡಬೇಕೆಂದೂ, ಪ್ರಮಾಣಪತ್ರವನ್ನು ಎಂಟು ವರ್ಷದ ನಂತರ ಕೊಡಬೇಕೆಂದೂ ಹೇಳಿತು. ಪ್ರಮಾಣಪತ್ರಕ್ಕೆ ವಯಸ್ಸಿನ ಮಿತಿ ಇರುವುದು ನನಗೆ ಒಪ್ಪಿತವೇ. ಆರು ವರ್ಷದ ಮಗುವಿನ ಹಣೆಗೆ ಬೇಗ ಚೀಟಿ ಅಂಟಿಸುವುದು ಸರಿಯಲ್ಲ. ಆದರೆ ಕೆಳಹಂತಕ್ಕೆ ಬರುವಷ್ಟರಲ್ಲಿ ಈ ಮಿತಿ 'ಎಂಟು ವರ್ಷದ ತನಕ ಏನೂ ಮಾಡುವಂತಿಲ್ಲ' ಎಂಬ ಅರ್ಥ ಪಡೆದುಕೊಂಡಿದೆ.

ನಾನು ಗುರುತಿಸಿದ ಮೂರನೆಯ ಮಗುವಿಗೆ ಆದದ್ದು ಇದೇ. ಎರಡನೇ ತರಗತಿಯ ಹುಡುಗಿ. ತಂದೆ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ತಪಾಸಣಾ ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ಜನ್ಮದಿನಾಂಕ ನೋಡಿ, "ಎಂಟು ತುಂಬಿದ ಮೇಲೆ ಬನ್ನಿ" ಎಂದು ವಾಪಸು ಕಳಿಸಿದರು. ಅಲ್ಲಿಯವರೆಗೆ ಶಾಲೆಯಲ್ಲಿ ಏನು ಮಾಡಬೇಕು ಎಂದು ಒಂದು ಸಾಲು ಬರೆದು ಕೊಟ್ಟಿದ್ದರೂ ನಾನು ಕೃತಜ್ಞಳಾಗಿರುತ್ತಿದ್ದೆ. ಎಂಟು ತುಂಬಿದ ಮೇಲೆ ಮತ್ತೆ ಹೋದರು. ಈ ಸಲ ಪರೀಕ್ಷಿಸಿದವರು ಅವಳ ಮುಂದಿಟ್ಟದ್ದು ಇಂಗ್ಲಿಷ್ ಪದಗಳ ಪಟ್ಟಿ. ಕನ್ನಡ ಮಾಧ್ಯಮದಲ್ಲಿ ಮೂರು ವರ್ಷ ಕಲಿತು, ಇಂಗ್ಲಿಷಿನಲ್ಲಿ ತನ್ನ ಹೆಸರು ಬಿಟ್ಟು ಬೇರೇನೂ ಬರೆಯಲು ಬಾರದ ಮಗುವಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ತಿಳಿಯಲು ಆ ತಂದೆಯ ಇನ್ನೊಂದು ದಿನದ ಕೂಲಿ ಖರ್ಚಾಯಿತು. ಮೂರನೇ ಸಲಕ್ಕೆ ಅವರು ಹೋಗಲಿಲ್ಲ. ಹೋಗಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕಾಗಿದೆ. ನಮ್ಮ ಸಹೋದ್ಯೋಗಿಗಳೂ, ಕೆಲವು ಅಧಿಕಾರಿಗಳೂ, "ಕನ್ನಡ ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ, ಆದ್ದರಿಂದ ಈ ಸಮಸ್ಯೆಯೆಲ್ಲ ಇಂಗ್ಲಿಷಿನವರದ್ದು" ಎನ್ನುತ್ತಾರೆ. ಅರ್ಧ ಸತ್ಯ. ನಮ್ಮ ಲಿಪಿಯಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ನಂಟು ಗಟ್ಟಿಯಾದದ್ದು ನಿಜ. ಆದರೆ ಮಗು ಕಲಿಯಬೇಕಾದ ರೂಪಗಳ ರಾಶಿ ನೋಡಿ. ವರ್ಣಮಾಲೆ 49 ಎನ್ನುತ್ತೇವೆ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳನ್ನು ಕೂಡಿಸಿದರೇ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳ ಲೆಕ್ಕ ಇನ್ನೂ ಹೊರಗೇ ಇದೆ. ತಕಾರದ ಒತ್ತು ತಕಾರದಂತೆ ಕಾಣುವುದಿಲ್ಲ, ಮಕಾರದ ಒತ್ತು ಮಕಾರದಂತೆ ಕಾಣುವುದಿಲ್ಲ, ಯಕಾರದ ಒತ್ತಿಗೂ ಯಕಾರಕ್ಕೂ ಮುಖಪರಿಚಯವೇ ಇಲ್ಲ. 'ಸೂರ್ಯ' ಎಂಬಲ್ಲಿ ಬಾಯಿ ಮೊದಲು ರಕಾರ ನುಡಿದು ಆಮೇಲೆ ಯಕಾರಕ್ಕೆ ಹೋಗುತ್ತದೆ, ಕೈ ಮಾತ್ರ ಮೊದಲು ಯಕಾರ ಬರೆದು ಅದರ ಬಲಗಡೆ ಅರ್ಕಾವತ್ತು ಇಡಬೇಕು. 'ಕೊ' ಎಂಬ ಒಂದೇ ಅಕ್ಷರದ ಸ್ವರಚಿಹ್ನೆ ತಲೆಯ ಮೇಲೊಂದು ಚೂರು, ಬಲಕ್ಕೊಂದು ಚೂರು ಹಂಚಿಹೋಗಿರುತ್ತದೆ. ನಮಗೆ ಇವೆಲ್ಲ ರೂಢಿಯಾಗಿ ಕಣ್ಣಿಗೆ ಬೀಳುವುದಿಲ್ಲ.

ಕನ್ನಡ ಓದಿನ ಕಲಿಕೆಯ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದನ್ನು ತೋರಿಸಿತು. ಅವರೂ ಮಾರ್ಗರೆಟ್ ಸ್ನೋಲಿಂಗ್ ಅವರೂ 2011ರಲ್ಲಿ ಕನ್ನಡ ಓದಿನಲ್ಲಿ ಹಿಂದುಳಿದ ಮಕ್ಕಳನ್ನೇ ಅಧ್ಯಯನ ಮಾಡಿದರು. ಅಂದರೆ ಕನ್ನಡದ ಓದಿನ ತೊಡಕು ಇದೆ, ಅದಕ್ಕೆ ತನ್ನದೇ ಆದ ಚಹರೆಯೂ ಇದೆ. ನನ್ನ ಅನುಭವದಲ್ಲಿ ಆ ಚಹರೆ ಹೀಗಿರುತ್ತದೆ: ಮಗು ಕಷ್ಟಪಟ್ಟು ಒಂದೊಂದೇ ಅಕ್ಷರ ಹೇಳುತ್ತದೆ, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ, ಪದವಾಗಿ ಕೂಡುವುದೇ ಇಲ್ಲ. ತಪ್ಪಿಗಿಂತ ಹೆಚ್ಚಾಗಿ ಎದ್ದು ಕಾಣುವುದು ನಿಧಾನ. ಈ ನಿಧಾನಕ್ಕೆ ನಮ್ಮ ದಾಖಲೆಗಳಲ್ಲಿ 'ನಿಧಾನ ಕಲಿಕೆಯ ಮಗು' ಎಂಬ ಒಂದೇ ಹೆಸರಿದೆ. ವಲಸೆ ಹೋಗಿ ಆರು ತಿಂಗಳು ಶಾಲೆ ತಪ್ಪಿದ ಮಗು, ಕಿವಿ ಮಂದವಿರುವ ಮಗು, ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡಿ ಶಾಲೆಯಲ್ಲಿ ಮೊದಲ ಬಾರಿಗೆ ಕನ್ನಡ ಕೇಳುತ್ತಿರುವ ಮಗು, ಡಿಸ್ಲೆಕ್ಸಿಯಾ ಇರುವ ಮಗು, ಎಲ್ಲರೂ ಆ ಒಂದೇ ಅಂಕಣದಲ್ಲಿ ಒತ್ತೊತ್ತಾಗಿ ಕುಳಿತಿದ್ದಾರೆ. ನಾಲ್ವರಿಗೂ ಬೇಕಾದ ನೆರವು ಬೇರೆಬೇರೆ.

ಹಾಗಾದರೆ ಒಬ್ಬ ಸಾಮಾನ್ಯ ಶಿಕ್ಷಕಿ ಇವರನ್ನು ಬೇರ್ಪಡಿಸಿ ನೋಡಬಲ್ಲಳೇ? ಖಚಿತವಾಗಿ ರೋಗನಿರ್ಣಯ ಮಾಡುವಂತೆ ಅಲ್ಲದಿದ್ದರೂ, ಯಾರ ಮೇಲೆ ಕಣ್ಣಿಡಬೇಕು ಎಂದು ತಿಳಿಯುವಷ್ಟು ಖಂಡಿತ ನೋಡಬಲ್ಲಳು. ಒಂದನೇ ತರಗತಿಯ ಮೊದಲಾರ್ಧ ಮುಗಿದ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಲವು ಆಟ ಆಡಿಸಿದರೆ ಸಾಕು, ಪುಸ್ತಕವೂ ಬೇಕಿಲ್ಲ. 'ಕಮಲ' ಎಂಬುದರಲ್ಲಿ 'ಕ' ಬಿಟ್ಟು ಹೇಳು ಎಂದರೆ 'ಮಲ' ಎನ್ನುತ್ತದೆಯೇ? 'ಮರ, ಮನೆ, ಕಲ್ಲು' ಇವುಗಳಲ್ಲಿ ಯಾವುದರ ಆರಂಭದ ಸದ್ದು ಬೇರೆ ಎಂದರೆ ಗುರುತಿಸುತ್ತದೆಯೇ? ಗೊತ್ತಿರುವ ಹತ್ತು ಚಿತ್ರಗಳ ಹೆಸರನ್ನು ಸಾಲಾಗಿ ಬೇಗಬೇಗ ಹೇಳುವಾಗ ವಿಪರೀತ ತಡವರಿಸುತ್ತದೆಯೇ? ತಿಂಗಳುಗಟ್ಟಲೆ ಕಲಿಸಿದ ಐದಾರು ಅಕ್ಷರಗಳ ಸದ್ದು ನಿನ್ನೆ ನೆನಪಿದ್ದು ಇವತ್ತು ಅಳಿಸಿಹೋಗುತ್ತದೆಯೇ? ಮನೆಮಾತು ಬೇರೆಯಿದ್ದರೆ ಇದೇ ಸದ್ದಿನಾಟವನ್ನು ಮನೆಮಾತಿನಲ್ಲಿ ಆಡಿಸಿ ನೋಡಬೇಕು. ಅದರಲ್ಲಿ ಸಲೀಸಾಗಿ ಆಡಿದರೆ ಆ ಮಗುವಿಗೆ ಬೇಕಾದದ್ದು ಕನ್ನಡ ಕೇಳುವ ಅವಕಾಶವೇ ಹೊರತು ಬೇರೆ ನೆರವಲ್ಲ. ತಂದೆ ತಾಯಿ, ಅಣ್ಣ ಅಕ್ಕಂದಿರಲ್ಲಿ ಯಾರಿಗಾದರೂ ಓದು ಹೀಗೆಯೇ ಕಷ್ಟವಾಗಿತ್ತೇ ಎಂದೂ ಮೆಲ್ಲಗೆ ಕೇಳಬೇಕು, ಏಕೆಂದರೆ ಇದು ಕುಟುಂಬಗಳಲ್ಲಿ ಹರಿದುಬರುವಂಥದ್ದು. ಇಷ್ಟಕ್ಕೂ ಮುಂಚೆ ಕಣ್ಣು, ಕಿವಿ ಪರೀಕ್ಷೆ ಆಗಿರಬೇಕು.

ಇದನ್ನು ಶಾಸ್ತ್ರೀಯವಾಗಿ ಮಾಡಲು ಸಾಧನಗಳಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಸಿದ್ಧವಾಗಿ 2015ರಲ್ಲಿ ಬಿಡುಗಡೆಯಾದ 'ಡಾಲಿ' ಎಂಬ ಸಾಧನ ಭಾರತೀಯ ಭಾಷೆಗಳಿಗೆಂದೇ ರೂಪುಗೊಂಡದ್ದು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಅದಿದೆ, ಒಂದು ಮತ್ತು ಎರಡನೇ ತರಗತಿಗೆ ಶಿಕ್ಷಕರೇ ತುಂಬಬಹುದಾದ ಪ್ರತ್ಯೇಕ ತಪಾಸಣಾ ಪಟ್ಟಿಯೂ ಅದರಲ್ಲಿದೆ. ಹೀಗಿರುವಾಗ ನನ್ನ ಶಾಲೆಗೆ ಬಂದದ್ದು, ಎಲ್ಲ ನ್ಯೂನತೆಗಳಿಗೂ ಸೇರಿಸಿ ಮಾಡಿದ ಒಂದು ಪ್ರಶ್ನಾವಳಿಯನ್ನು ಎಲ್ಲ ಮಕ್ಕಳಿಗೂ ಎರಡು ದಿನದೊಳಗೆ ಮೊಬೈಲಿನಲ್ಲಿ ತುಂಬಿ ಕಳಿಸಬೇಕೆಂಬ ಸೂಚನೆ. ನೆಟ್‌ವರ್ಕ್ ಸಿಗುವ ಜಾಗಕ್ಕೆ ಹೋಗಿ ನಿಂತು ತುಂಬಿದೆ. 'ಹೌದು' ಎಂದು ಒತ್ತಿದ ಮೂರು ಮಕ್ಕಳ ಬಗ್ಗೆ ಇವತ್ತಿನವರೆಗೆ ಯಾರೂ ಕರೆ ಮಾಡಿಲ್ಲ, ಯಾರೂ ಬಂದಿಲ್ಲ. ತುಂಬಿದ ಮಾಹಿತಿಯ ಶೇಕಡಾವಾರು ಪ್ರಗತಿ ಕೇಳಲು ಮಾತ್ರ ನಾಲ್ಕು ಸಲ ಕರೆ ಬಂತು.

ಕಲಿಸುವ ವಿಚಾರಕ್ಕೆ ಬರುತ್ತೇನೆ. ಆ ಮೊದಲ ಹುಡುಗನಿಗೆ ನಾನು ಕಡೆಗೆ ಮಾಡಿದ್ದರಲ್ಲಿ ವಿಶೇಷ ವಿದ್ಯೆ ಏನೂ ಇರಲಿಲ್ಲ. ದಿನಕ್ಕೆ ಅರ್ಧ ಗಂಟೆ, ಓದಿನಲ್ಲಿ ಹಿಂದುಳಿದಿದ್ದ ಇನ್ನಿಬ್ಬರ ಜೊತೆ, ಕೆಲವೇ ಅಕ್ಷರ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ತರುತ್ತಿರಲಿಲ್ಲ. ನಮ್ಮ 'ರಗಸದಅ, ಜವಮಬನ' ಎಂಬ ಕ್ರಮ ಬರವಣಿಗೆಯ ಆಕಾರಗಳನ್ನು ನೋಡಿ ಜೋಡಿಸಿದ್ದು, ಕೈ ತಿರುಗಲು ಅದು ಒಳ್ಳೆಯದೇ. ಆದರೆ 'ವ' ಮತ್ತು 'ಮ' ಪಕ್ಕಪಕ್ಕದಲ್ಲಿ ಬಂದಾಗ ಈ ಮಕ್ಕಳು ಅಲ್ಲೇ ಎಡವುತ್ತಾರೆ, ಹಾಗಾಗಿ ಇವರಿಗೆ 'ವ' ಗಟ್ಟಿಯಾಗಿ ಮೂರು ವಾರವಾದ ಮೇಲೆಯೇ 'ಮ' ತಂದೆ. ಸದ್ದನ್ನು ಬಾಯಲ್ಲಿ ಹೇಳುತ್ತಲೇ ಮರಳಿನ ತಟ್ಟೆಯಲ್ಲಿ ಬೆರಳಿಂದ ತೀಡುವುದು, ತೀಡುತ್ತಲೇ ಕೇಳಿಸಿಕೊಳ್ಳುವುದು. ಕಲಿತ ಅಕ್ಷರಗಳಿಂದಷ್ಟೇ ಆದ ಪದಗಳನ್ನು ಮಿಂಚುಪಟ್ಟಿಯಲ್ಲಿ ಬರೆದು ಓದಿಸುವುದು, ಊಹೆಗೆ ಎಡೆಗೊಡುವ ಚಿತ್ರ ಇಲ್ಲದೆ. ಸಜಾತೀಯ ಒತ್ತಕ್ಷರ ಪೂರ್ತಿ ಕೈಗೆ ಬಂದ ಮೇಲೆ ವಿಜಾತೀಯ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಹದಿನೈದು ದಿನಕ್ಕೊಮ್ಮೆ ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿದ ಎಂದು ಎಣಿಸಿ ಒಂದು ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ಎಣಿಕೆ ನಾಲ್ಕು ಪದ. ಹತ್ತು ತಿಂಗಳ ನಂತರದ್ದು ಹತ್ತೊಂಬತ್ತು. ಅವನ ಓರಗೆಯವರಿಗೆ ಹೋಲಿಸಿದರೆ ಇದು ಬಹಳ ಕಡಿಮೆ, ಗುಣವಾಯಿತು ಎಂದು ಹೇಳಿಕೊಳ್ಳುವಂಥದ್ದಲ್ಲ. ಗುಣವಾಗುವ ಕಾಯಿಲೆಯೂ ಇದಲ್ಲ. ಆದರೆ ಹತ್ತೊಂಬತ್ತನ್ನೂ ಅವನು ಓದಿದ್ದ, ಬಾಯಿಪಾಠದಿಂದ ಹೇಳಿರಲಿಲ್ಲ.

ಆ ಅರ್ಧ ಗಂಟೆ ಎಲ್ಲಿಂದ ಬಂತು ಎಂಬುದೇ ಈ ಪತ್ರದ ತಿರುಳು. ಅರವತ್ತರೊಳಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಬ್ಬರು ಶಿಕ್ಷಕರು. ತರಗತಿಗಳು ಐದು. ಒಬ್ಬರು ಸಭೆಗೋ ಸಮೀಕ್ಷೆಗೋ ಹೋದ ದಿನ ಐದೂ ಒಬ್ಬರಿಗೆ. ಕೆಳ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ವಿನ್ಯಾಸ ಇಂಥ ಮಕ್ಕಳಿಗೆ ನಿಜಕ್ಕೂ ಅನುಕೂಲಕರ: ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಬಹುದು, ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರಿಗೆ ಒಂದು ಗುಂಪೇ ಇದೆ. ಆದರೆ ಆ ಗುಂಪಿನಲ್ಲಿ ಹದಿನಾಲ್ಕು ಮಕ್ಕಳು ಕುಳಿತರೆ ಪೂರ್ಣ ಬೆಂಬಲ ಎಂಬುದು ಹೆಸರಿಗೆ ಮಾತ್ರ. ನಾನು ಆ ಅರ್ಧ ಗಂಟೆಯನ್ನು ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ಹೊಂದಿಸಿಕೊಂಡೆ, ಶಾಲೆಯ ಹತ್ತಿರವೇ ವಾಸವಿದ್ದುದರಿಂದ ಅದು ಸಾಧ್ಯವಾಯಿತು. ನಂತರ ವರ್ಗವಾಗಿ ಬಂದ ಶಾಲೆಯಲ್ಲಿ ಅದು ಸಾಧ್ಯವಾಗಲಿಲ್ಲ, ಮೇಲೆ ಹೇಳಿದ ಹುಡುಗಿಗೆ ವಾರಕ್ಕೆ ಎರಡು ದಿನವೂ ಕೊಡಲಾಗಲಿಲ್ಲ. ಒಬ್ಬ ಶಿಕ್ಷಕಿಯ ಮನೆ ಎಲ್ಲಿದೆ ಎಂಬುದರ ಮೇಲೆ ಮಗುವಿನ ಹಕ್ಕು ನಿಂತಿರಬಾರದು.

ಇನ್ನೊಂದು ಮಾತನ್ನು ಸ್ವಲ್ಪ ಹಿಂಜರಿಕೆಯಿಂದಲೇ ಬರೆಯುತ್ತಿದ್ದೇನೆ. 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಸಾಕ್ಷರತೆ ಸಿಗಬೇಕೆಂಬ ಗುರಿ ಇಟ್ಟುಕೊಂಡಿದೆ. ಗುರಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 'ಪ್ರತಿ ಮಗು' ಎಂಬ ಮಾತು ಕೆಳಗಿಳಿಯುತ್ತಾ ನೂರಕ್ಕೆ ನೂರು ಎಂಬ ಅಂಕಿಯಾಗಿ, ಆ ಅಂಕಿ ಬಾರದ ಶಾಲೆಗೆ ಕಾರಣ ಕೇಳುವ ಕಾಗದವಾಗಿ ತಲುಪಿದಾಗ, ಓದಲು ಬಾರದ ಮಗುವನ್ನು ಓದಲು ಬರುತ್ತದೆ ಎಂದು ಬರೆದುಬಿಡುವುದು ಎಲ್ಲರಿಗೂ ಸುಲಭವಾಗುತ್ತದೆ. ಹಾಗೆ ಬರೆದ ಮರುಗಳಿಗೆ ಆ ಮಗು ದಾಖಲೆಯಿಂದ ಮಾಯ. ನಾನೂ ಒಂದು ವರ್ಷ ಹಾಗೆ ಬರೆದಿದ್ದೇನೆ. ಬರೆದದ್ದು ಇಬ್ಬರು ಮಕ್ಕಳ ಹೆಸರಿನ ಮುಂದೆ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ವಿನಂತಿ ಒಂದು ಸುತ್ತೋಲೆ. ಓದಿನಲ್ಲಿ ಗಣನೀಯ ತೊಡಕು ಕಂಡ ಮಗುವಿಗೆ ಶಾಲೆಯಲ್ಲಿ ನೆರವು ಆರಂಭಿಸಲು ಯಾವುದೇ ಪ್ರಮಾಣಪತ್ರ, ವಯಸ್ಸು ಅಥವಾ ವೈದ್ಯರ ಶಿಫಾರಸು ಬೇಕಿಲ್ಲವೆಂದೂ, ಒಂದನೇ ತರಗತಿಯ ಎರಡನೇ ಅರ್ಧದಿಂದಲೇ ಆರಂಭಿಸಬೇಕೆಂದೂ ಅದು ಸ್ಪಷ್ಟವಾಗಿ ಹೇಳಲಿ. ಪ್ರಮಾಣಪತ್ರ ಬೇಕಾಗುವುದು ಮುಂದೆ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದವುಗಳಿಗೆ. ಅದನ್ನು ಕೊಡಿಸುವ ಕೆಲಸ ತನ್ನ ವೇಗದಲ್ಲಿ ನಡೆಯಲಿ. ಆದರೆ ಅದನ್ನು ಕೊಡುವ ಪರೀಕ್ಷೆ ಮಗು ಕಲಿತ ಮಾಧ್ಯಮದಲ್ಲೇ ಆಗಬೇಕು, ಮತ್ತು ಪರೀಕ್ಷಿಸುವವರು ತಾಲ್ಲೂಕಿಗೆ ಬರಬೇಕು. ಆ ತಂದೆ ಎರಡು ಬಸ್ಸು ಬದಲಾಯಿಸಬೇಕಾಗಿ ಬರಬಾರದು.

ಎರಡನೆಯದು ಸಮಯ. ಇಬ್ಬರೇ ಶಿಕ್ಷಕರಿರುವ ಶಾಲೆಗಳಿಗೆ ದಿನಕ್ಕೆ ಎರಡು ಗಂಟೆಯ ಮಟ್ಟಿಗಾದರೂ ಮೂರನೆಯ ಒಬ್ಬರನ್ನು, ಅತಿಥಿ ಶಿಕ್ಷಕರಾದರೂ ಸರಿ, ಕೊಡಿ. ಅವರು ತರಗತಿ ನೋಡಿಕೊಳ್ಳಲಿ, ಅನುಭವವಿರುವ ಶಿಕ್ಷಕರು ಆ ಮೂರು ನಾಲ್ಕು ಮಕ್ಕಳೊಡನೆ ಕೂರಲಿ. ಇದಕ್ಕೆ ವಿರುದ್ಧವಾಗಿ, ಹೊಸಬರನ್ನು ಕಷ್ಟದ ಮಕ್ಕಳ ಬಳಿ ಕೂರಿಸುವುದು ಈಗಿನ ರೂಢಿ. ತಾಲ್ಲೂಕಿಗೆ ಒಬ್ಬಿಬ್ಬರಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಮೇಲೆ ಎಲ್ಲ ಬಗೆಯ ನ್ಯೂನತೆಗಳ ಎಲ್ಲ ಮಕ್ಕಳ ಹೊರೆ ಇದೆ. ಅವರು ವರ್ಷಕ್ಕೊಮ್ಮೆ ನಮ್ಮ ಶಾಲೆಗೆ ಬಂದು ಹೋಗುವುದನ್ನೇ ನಾನು ದೊಡ್ಡದು ಎಂದುಕೊಳ್ಳುತ್ತೇನೆ, ಅವರನ್ನು ದೂರಲಾರೆ.

ತರಬೇತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪರದೆಯ ಮೇಲೆ ಸ್ಲೈಡು ನೋಡಿ ಡಿಸ್ಲೆಕ್ಸಿಯಾ ಗುರುತಿಸಲು ಬರುವುದಿಲ್ಲ. ಎರಡು ದಿನ ಕೊಡಿ, ನಾಲ್ಕು ಮಕ್ಕಳನ್ನು ಎದುರಿಗೆ ಕೂರಿಸಿ, ಅವರ ಉಕ್ತಲೇಖನದ ಹಾಳೆಗಳನ್ನು ಕೈಗೆ ಕೊಡಿ, ತಪ್ಪುಗಳನ್ನು ಓದುವುದನ್ನು ಕಲಿಸಿ. ಕನ್ನಡದ ತಪಾಸಣಾ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಪ್ರತಿ ಶಾಲೆಗೂ ಕೊಡಿ. ಶಿಕ್ಷಕರಾಗಲು ಡಿಪ್ಲೊಮಾ ಓದುವವರಿಗೆ ಇದು ಒಂದು ಘಟಕದ ಒಂದು ಟಿಪ್ಪಣಿಯಾಗಿ ಉಳಿಯದಂತೆ ನೋಡಿಕೊಳ್ಳಿ. ಹಾಗೆಯೇ ಮೂರನೇ ತರಗತಿಯಿಂದ ಪರಿಸರ ಅಧ್ಯಯನ ಮತ್ತು ಗಣಿತದಲ್ಲಿ ಇಂಥ ಮಕ್ಕಳಿಗೆ ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಿಮಾತಿನಲ್ಲಿ ಪಡೆದು ಅಂಕ ಕೊಡಲು ಲಿಖಿತ ಅನುಮತಿ ಇರಲಿ. ನಾನು ಈಗ ಅದನ್ನು ಕದ್ದು ಮಾಡುತ್ತಿದ್ದೇನೆ.

ಕೊನೆಯದಾಗಿ, ಪ್ರತಿ ತಾಲ್ಲೂಕಿನಲ್ಲಿ ಎಷ್ಟು ಮಕ್ಕಳನ್ನು ಗುರುತಿಸಲಾಯಿತು, ಅವರಲ್ಲಿ ಎಷ್ಟು ಮಂದಿಗೆ ಎಷ್ಟು ವಾರ ನೆರವು ಸಿಕ್ಕಿತು ಎಂಬ ಎರಡು ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಹೆಸರುಗಳು ಬೇಡ. ಗುರುತಿಸಿದ ಸಂಖ್ಯೆ ಸೊನ್ನೆ ಇರುವ ಶಾಲೆಯನ್ನು ಹೊಗಳುವ ಬದಲು ಅಲ್ಲಿಗೇ ಮೊದಲು ಹೋಗಿ ವಿಚಾರಿಸಿ. ಮೂವರನ್ನು ಗುರುತಿಸಿ ಬರೆದ ಶಿಕ್ಷಕರಿಗೆ ಕಾರಣ ಕೇಳುವ ಕಾಗದ ಕಳಿಸಬೇಡಿ.

ಈ ಮಕ್ಕಳಿಗೆ ನೆರವು ಕೇಳುವಾಗ ಇವರಲ್ಲಿ ಏನೋ ಅಸಾಧಾರಣ ಪ್ರತಿಭೆ ಅಡಗಿದೆ ಎಂದು ಹೇಳುವ ರೂಢಿಯಿದೆ. ನಾನು ಹಾಗೆ ಹೇಳಲಾರೆ. ನನ್ನ ನಾಲ್ವರಲ್ಲಿ ಒಬ್ಬಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ, ಉಳಿದ ಮೂವರು ಎಲ್ಲ ಮಕ್ಕಳಂತೆ ಸಾಮಾನ್ಯ ಮಕ್ಕಳು. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ತನ್ನ ಹೆಸರಿನಲ್ಲಿ ಬಂದ ಕಾಗದ, ಇವನ್ನು ಇನ್ನೊಬ್ಬರ ಮುಖ ನೋಡದೆ ಓದಿಕೊಳ್ಳಲು ಅಸಾಧಾರಣರಾಗಿರಬೇಕಾದ ಅಗತ್ಯವಿಲ್ಲ.

ಹದಿನೈದು ದಿನಕ್ಕೊಮ್ಮೆ ಎಣಿಸಿ ಬರೆದಿಟ್ಟ ಆ ನೋಟ್ ಪುಸ್ತಕ ನನ್ನ ಬಳಿ ಇದೆ. ಅದರ ಜೊತೆಗೆ ಮಕ್ಕಳ ಹೆಸರು ಅಳಿಸಿದ ಉಕ್ತಲೇಖನದ ಹಾಳೆಗಳೂ ಇವೆ. ತಾವಾಗಲಿ, ತಾವು ಕಳಿಸಿದವರಾಗಲಿ ಯಾವ ದಿನ ಬಂದರೂ ತೋರಿಸುತ್ತೇನೆ. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಹನ್ನೊಂದು ಮಕ್ಕಳು ಸೇರುತ್ತಾರೆ. ಸುತ್ತೋಲೆ ಅಷ್ಟರೊಳಗೆ ತಲುಪಿದರೆ ಅವರಿಂದಲೇ ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ